ತೋಳಿನ ಸೆನ್ಸರ್ ಒಂದು ಹೇಳತೈತಿ, ಬೆರಳಿನ ರಕ್ತ ಇನ್ನೊಂದು: ಯಾವುದನ್ನು ನಂಬೋದು?

ಪ್ರಶ್ನೆ: ನಾವು ಬೆಟಗೇರಿಯವರು. ಅಪ್ಪಗ 66 ವರ್ಷ, ಈಗಲೂ ಮಗ್ಗದ ಮುಂದ ಕೂಡತಾರ. ಶುಗರ್ ಬಂದು ಹದಿನಾಲ್ಕು ವರ್ಷ ಆತು, ಗುಳಿಗಿ ಜೊತಿ ರಾತ್ರಿ ಒಂದು ಇನ್ಸುಲಿನ್ ಐತಿ. ಹೋದ ತಿಂಗಳು ಡಾಕ್ಟರು ಎಡತೋಳಿಗೆ ಹದಿನಾಲ್ಕು ದಿನದ ಸೆನ್ಸರ್ ಹಚ್ಚಿಸಿದರು. ನಾಲ್ಕನೇ ರಾತ್ರಿ ಮೂರು ಗಂಟೆಗೆ ಮೊಬೈಲ್ ಕೂಗಿತು, ಶುಗರ್ 58 ಅಂತ. ನಾನು ಸಕ್ಕರಿ ನೀರು ಕಲಸೋದರಾಗ ತಮ್ಮ ಬೆರಳು ಚುಚ್ಚಿ ನೋಡಿದ, ಮೀಟರ್‌ನ್ಯಾಗ 104. ಮರುದಿನ ಊಟ ಆಗಿ ಮುಕ್ಕಾಲು ತಾಸಿಗೆ ಸೆನ್ಸರ್ 148 ಅಂದರ ಮೀಟರ್ 181 ಅಂತು. ‘ಈ ಬಿಲ್ಲಿ ಸುಳ್ಳು ಹೇಳತೈತಿ’ ಅಂತ ಅಪ್ಪ ಕಿತ್ತು ಒಗೆದರು. ಈಗ ಬೆಂಗಳೂರಿನ ಅಣ್ಣ ಚುಚ್ಚದೇ ಶುಗರ್, ಬಿಪಿ, ಇಸಿಜಿ ಎಲ್ಲ ತೋರಿಸೋ ವಾಚ್ ಕಳಿಸ್ಯಾನ. ಯಾವುದನ್ನ ನಂಬೋದು? ಇನ್ನೊಂದು, ಅವ್ವಗ ಎರಡು ವರ್ಷದ ಹಿಂದ ಪೇಸ್‌ಮೇಕರ್ ಹಾಕಿಸೀವಿ. ಆ ವಾಚ್ ಆಕಿ ಕಟ್ಟಿಕೋಬಹುದಾ? ಹಿಟ್ಟಿನ ಗಿರಣಿಗೆ ಹೋಗಬಹುದಾ?

ಉತ್ತರ: ಮೊದಲು ಆ ರಾತ್ರಿ ಮೂರು ಗಂಟೆಯ ಮಾತು. ನಿಮ್ಮ ತಂದೆಯವರು ಯಾವ ಮಗ್ಗುಲಾಗಿ ಮಲಗುತ್ತಾರೆಂದು ನೀವು ಬರೆದಿಲ್ಲ. ಎಡಮಗ್ಗುಲಾಗಿ ಎಂದಾದರೆ 58ರ ಗುಟ್ಟು ಬಹುಮಟ್ಟಿಗೆ ಅಲ್ಲೇ ಇದೆ. ಸೆನ್ಸರ್ ಇರುವ ತೋಳಿನ ಮೇಲೆ ಮೈಭಾರ ಬಿದ್ದರೆ ಆ ಜಾಗದ ಸಣ್ಣ ರಕ್ತನಾಳಗಳು ಅಮುಕಿ, ಚರ್ಮದಡಿಗೆ ಹೊಸ ಗ್ಲೂಕೋಸ್ ಬರುವುದು ಕಡಿಮೆಯಾಗುತ್ತದೆ. ಇದ್ದಷ್ಟನ್ನು ಸುತ್ತಲಿನ ಜೀವಕೋಶಗಳು ತಿನ್ನುತ್ತಲೇ ಇರುತ್ತವೆ. ಸೆನ್ಸರ್ ತನ್ನ ಕಾಲಡಿಯಲ್ಲಿ ಕಂಡದ್ದನ್ನು ಹೇಳಿತು, ಮೈಯ ರಕ್ತದಲ್ಲಿ ಮಾತ್ರ 104 ಇತ್ತು. ವೈದ್ಯರು ಇದನ್ನು ‘ಕಂಪ್ರೆಷನ್ ಲೋ’ ಅನ್ನುತ್ತಾರೆ. ಗ್ರಾಫ್ ತೆಗೆದು ನೋಡಿ: ಗೆರೆ ಇದ್ದಕ್ಕಿದ್ದಂತೆ ಬಾವಿಗೆ ಬಿದ್ದ ಹಾಗೆ ಇಳಿದು, ಮಗ್ಗುಲು ಬದಲಿಸಿದ ಸ್ವಲ್ಪ ಹೊತ್ತಿಗೆ ತಾನೇ ಎದ್ದು ಬಂದಿದ್ದರೆ ಅದು ಒತ್ತಡದ ಆಟ. ನಿಜವಾದ ಇಳಿಕೆ ಸಾಮಾನ್ಯವಾಗಿ ಇಳಿಜಾರಿನ ಹಾಗೆ ಬರುತ್ತದೆ.

ಹಾಗೆಂದು ರಾತ್ರಿಯ ಅಲಾರಾಂ ಎಲ್ಲ ಸುಳ್ಳೆಂದು ಬಂದ್ ಮಾಡಬೇಡಿ. ಅವರಿಗೆ ರಾತ್ರಿ ಇನ್ಸುಲಿನ್ ಇದೆ, ನಿಜವಾಗಿಯೂ ಶುಗರ್ ಇಳಿಯುವ ಸಂಭವ ಇದ್ದೇ ಇದೆ. ನಿಮ್ಮ ತಮ್ಮ ಬೆರಳು ಚುಚ್ಚಿ ನೋಡಿದ್ದು ಸರಿಯಾದ ಕೆಲಸ. ಬೆವರು, ನಡುಕ, ಮಾತು ತೊದಲುವುದು ಕಂಡರೆ ಮಾತ್ರ ಯಾವ ಯಂತ್ರವನ್ನೂ ಕಾಯದೆ ಮೊದಲು ಸಕ್ಕರೆ ಬಾಯಿಗೆ, ಆಮೇಲೆ ಲೆಕ್ಕ.

ಇನ್ನು 148 ಮತ್ತು 181. ಇಲ್ಲಿ ಎರಡೂ ನಿಜ ಹೇಳಿರಬಹುದು ಅಂದರೆ ನಿಮ್ಮ ತಂದೆ ನಗುತ್ತಾರೇನೋ. ನರಗುಂದದ ಕಡೆ ನೆಂಟರಿದ್ದರೆ ಕೇಳಿ ನೋಡಿ, ಮಲಪ್ರಭಾ ಕಾಲುವೆಗೆ ನೀರು ಬಿಟ್ಟ ಕೂಡಲೇ ಹೊಲ ತೊಯ್ಯುವುದಿಲ್ಲ. ಕಾಲುವೆ ತುಂಬಿ ಹರಿಯುವಾಗ ಹೊಲದ ಆ ತುದಿ ಇನ್ನೂ ಒಣಗಿರುತ್ತದೆ, ಕಾಲುವೆ ನಿಂತ ಮೇಲೂ ಹೊಲದಲ್ಲಿ ಕೆಸರಿರುತ್ತದೆ. ಬೆರಳು ಚುಚ್ಚಿದಾಗ ನೀವು ನೋಡುವುದು ಕಾಲುವೆಯನ್ನು, ಅಂದರೆ ರಕ್ತವನ್ನು. ತೋಳಿನ ಸೆನ್ಸರ್ ಕೂತಿರುವುದು ಹೊಲದಲ್ಲಿ, ಜೀವಕೋಶಗಳ ನಡುವಿನ ದ್ರವದಲ್ಲಿ. ರಕ್ತದ ಸುದ್ದಿ ಅಲ್ಲಿಗೆ ಮುಟ್ಟಲು ಐದರಿಂದ ಹದಿನೈದು ನಿಮಿಷ ಬೇಕು. ಊಟವಾದ ಮೇಲೆ ಶುಗರ್ ಏರುವಾಗ ಸೆನ್ಸರ್ ಹಿಂದೆ ಬಿದ್ದು ಕಡಿಮೆ ತೋರಿಸುತ್ತದೆ. ಇಳಿಯುವಾಗ ಹೆಚ್ಚು ತೋರಿಸುತ್ತದೆ, ಹುಷಾರಾಗಿರಬೇಕಾದದ್ದು ಇಲ್ಲಿ. ರಕ್ತದಲ್ಲಿ ಆಗಲೇ 65 ಇರುವಾಗ ಸೆನ್ಸರ್ ಇನ್ನೂ 85 ಅನ್ನುತ್ತಿರಬಹುದು. ಅದಕ್ಕೇ ಅಂಕಿಯ ಪಕ್ಕದ ಬಾಣವನ್ನು ಓದಲು ಕಲಿಯಿರಿ. 85ರ ಜೊತೆ ಬಾಣ ನೆಟ್ಟಗೆ ಕೆಳಗೆ ಮುಖ ಮಾಡಿದ್ದರೆ ಅದು 85 ಅಲ್ಲ.

ಎರಡನ್ನೂ ತಾಳೆ ನೋಡಲೇಬೇಕೆಂದರೆ ಹೊತ್ತು ಆರಿಸಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬಾಣ ಅಡ್ಡಡ್ಡ ಮಲಗಿರುವಾಗ ಮಾಡಿ. ಊಟದ ಬೆನ್ನಿಗೆ ಬೇಡ, ಸೆನ್ಸರ್ ಹಚ್ಚಿದ ಮೊದಲ ದಿನವಂತೂ ಬೇಡವೇ ಬೇಡ. ಆಗ ಚುಚ್ಚಿದ ಗಾಯ ಇನ್ನೂ ಹಸಿ, ಮೈ ಅಲ್ಲಿ ರಿಪೇರಿ ನಡೆಸಿರುತ್ತದೆ.

ಮೀಟರ್ ಸತ್ಯಹರಿಶ್ಚಂದ್ರ ಎಂದೂ ತಿಳಿಯಬೇಡಿ. ಮನೆಯ ಗ್ಲುಕೋಮೀಟರಿಗೆ ಇರುವ ಅಂತರರಾಷ್ಟ್ರೀಯ ಮಾನದಂಡವೇ 100ಕ್ಕಿಂತ ಮೇಲಿನ ಅಂಕಿಗಳಲ್ಲಿ ಶೇ 15ರಷ್ಟು ಆಚೀಚೆ ಆಗುವುದನ್ನು ಒಪ್ಪುತ್ತದೆ. ನಿಜ 170 ಇದ್ದಾಗ ಮೀಟರ್ 150 ಅಂದರೂ 190 ಅಂದರೂ ಅದು ಪಾಸು. ಇದರ ಮೇಲೆ ನಮ್ಮ ಕೈಯ ಕಾರುಬಾರು ಬೇರೆ. ನನ್ನ ಸಹೋದ್ಯೋಗಿಯೊಬ್ಬರು ಒಮ್ಮೆ ಸ್ಟಾಫ್ ರೂಮಿನಲ್ಲಿ ಪೇಡೆ ಹಂಚಿ, ಅದೇ ಕೈಯಲ್ಲಿ ಬೆರಳು ಚುಚ್ಚಿಕೊಂಡು 290 ನೋಡಿ ಬೆವರಿದರು. ಸೋಪಿನಲ್ಲಿ ಕೈ ತೊಳೆದು ಒರೆಸಿ ಇನ್ನೊಂದು ಬೆರಳು ಚುಚ್ಚಿದರೆ 146. ಒಂದು ಹನಿ ರಕ್ತಕ್ಕೆ ಧಾರವಾಡ ಪೇಡೆಯ ಒಂದು ಕಣವೂ ಹೆಚ್ಚೇ.

‘ಬಿಲ್ಲಿ’ ಎಂದು ನಿಮ್ಮ ತಂದೆ ಕಿತ್ತೊಗೆದದ್ದರಲ್ಲಿ ಏನಿರುತ್ತದೆ ಎಂದು ಅವರಿಗೆ ಹೇಳಿ. ಕೈಕಸುಬಿನವರಿಗೆ ಒಳಗಿನ ಹೂರಣ ಗೊತ್ತಾದರೆ ನಂಬಿಕೆ ಬರುತ್ತದೆ. ಅವಧಿ ಮುಗಿದ ಸೆನ್ಸರ್‌ಗಳನ್ನು ನಾನು ವಿದ್ಯಾರ್ಥಿಗಳ ಮುಂದೆ ಬಿಚ್ಚುವುದುಂಟು. ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಕೈಗಡಿಯಾರದಲ್ಲಿ ಇರುವಂಥ ಒಂದು ಗುಂಡಿ ಸೆಲ್, ಒಂದು ಪುಟ್ಟ ಸರ್ಕ್ಯೂಟ್ ಹಲಗೆ, ಅದರ ನಡುವಿನಿಂದ ಕೆಳಕ್ಕೆ ಇಳಿದ ಒಂದು ಎಳೆ. ಐದು ಮಿಲಿಮೀಟರಿನಷ್ಟು ಉದ್ದ, ಬೆರಳಲ್ಲಿ ಹಿಡಿದರೆ ಬಾಗುತ್ತದೆ. ಸೂಜಿ ಒಳಗೇ ಉಳಿಯುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗಿಲ್ಲ, ಸೂಜಿ ಈ ಎಳೆಯನ್ನು ಒಳಗೆ ಬಿಟ್ಟು ಆ ಕ್ಷಣವೇ ವಾಪಸು ಬರುತ್ತದೆ, ಲಾಳಿ ನೂಲು ಬಿಟ್ಟು ಆಚೆ ಹೋದ ಹಾಗೆ.

ಆ ಎಳೆಯ ತುದಿಗೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಬಳಿದಿರುತ್ತಾರೆ. ಬೂಷ್ಟಿನ ಜಾತಿಯ ಶಿಲೀಂಧ್ರವೊಂದರಿಂದ ತೆಗೆಯುವ ವಸ್ತು ಅದು. ಅದರ ಗುಣ ಏನೆಂದರೆ ಗ್ಲೂಕೋಸ್ ಒಂದನ್ನೇ ಗುರುತು ಹಿಡಿದು ಮುರಿಯುತ್ತದೆ. ಮುರಿದಾಗ ಎಲೆಕ್ಟ್ರಾನುಗಳು ಕೈ ಬದಲಾಗಿ ತಂತಿಯಲ್ಲಿ ಒಂದಿಷ್ಟು ಕರೆಂಟ್ ಹರಿಯುತ್ತದೆ. ಎಷ್ಟು? ನ್ಯಾನೊ ಆಂಪಿಯರುಗಳ ಲೆಕ್ಕ, ಒಂದು ಆಂಪಿಯರನ್ನು ನೂರು ಕೋಟಿ ಪಾಲು ಮಾಡಿ ಅದರಲ್ಲಿ ಕೆಲವು ಪಾಲು. ಗ್ಲೂಕೋಸ್ ಹೆಚ್ಚಿದ್ದರೆ ಕರೆಂಟ್ ಹೆಚ್ಚು. ಅಮೆರಿಕದ ಲೆಲೆಂಡ್ ಕ್ಲಾರ್ಕ್ 1962ರಲ್ಲಿ ಕಿಣ್ವವನ್ನು ಎಲೆಕ್ಟ್ರೋಡಿನ ಮೇಲೆ ಕೂಡಿಸುವ ಈ ಉಪಾಯವನ್ನು ಮುಂದಿಟ್ಟರು. ಬೆರಳಿನ ಸ್ಟ್ರಿಪ್ ಕೂಡ ಇದೇ ವಂಶದ್ದು. ಅಂದಮೇಲೆ ನಿಮ್ಮ ಮನೆಯಲ್ಲಿ ಜಗಳ ಆಡಿದ್ದು ಅಣ್ಣತಮ್ಮಂದಿರು, ಒಬ್ಬ ಕಾಲುವೆ ದಂಡೆಯ ಮೇಲೆ ನಿಂತಿದ್ದ, ಇನ್ನೊಬ್ಬ ಹೊಲದಲ್ಲಿ. ಒಂದು ಸಣ್ಣ ಎಚ್ಚರ: ವಿಟಮಿನ್ ಸಿ ಮಾತ್ರೆಯನ್ನು ದಿನಕ್ಕೆ 500 ಮಿಲಿಗ್ರಾಂಗಿಂತ ಹೆಚ್ಚು ನುಂಗುವವರಲ್ಲಿ ಕೆಲವು ಸೆನ್ಸರ್‌ಗಳು ಇರುವುದಕ್ಕಿಂತ ಜಾಸ್ತಿ ತೋರಿಸುತ್ತವೆ. ಅದೂ ಎಲೆಕ್ಟ್ರೋಡಿಗೆ ಎಲೆಕ್ಟ್ರಾನು ಕೊಡುವ ವಸ್ತುವೇ. ಡಬ್ಬಿಯೊಳಗಿನ ಚೀಟಿ ಓದಿಕೊಳ್ಳಿ.

ಹಾಗಾದರೆ ಈ ಸೆನ್ಸರ್ ಯಾಕೆ ಬೇಕು? ನನ್ನ ಮಾತನ್ನೇ ಹೇಳುತ್ತೇನೆ. ನನ್ನ ಶುಗರ್ ಗಡಿಯ ಮೇಲೆ ನಿಂತಿದೆ. ಕಳೆದ ವರ್ಷ ಹದಿನಾಲ್ಕು ದಿನ ಹಚ್ಚಿಕೊಂಡೆ. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ ಉಂಡರೆ ಗೆರೆ ಉಣಕಲ್ ಕೆರೆಯ ತೆರೆಯ ಹಾಗೆ ಸುಮ್ಮನೆ ಏರಿ ಇಳಿಯುತ್ತಿತ್ತು. ಸಂಜೆ ಒಂದು ತಟ್ಟೆ ಗಿರ್ಮಿಟ್, ಎರಡು ಮಿರ್ಚಿ, ಸಕ್ಕರೆ ಹಾಕಿದ ಚಹಾ ಆದರೆ ನಲವತ್ತು ನಿಮಿಷಕ್ಕೆ ನೆಟ್ಟಗೆ 178. ಚುರುಮುರಿ ಹಗುರ ತಿಂಡಿ ಎಂದು ಇಪ್ಪತ್ತು ವರ್ಷದಿಂದ ನಂಬಿಕೊಂಡು ಬಂದಿದ್ದೆ! ಬೆಳಿಗ್ಗೆ ಒಂದು, ಊಟದ ಮೇಲೆ ಒಂದು ಎಂದು ಬೆರಳು ಚುಚ್ಚುತ್ತಿದ್ದರೆ ಈ ಸಂಜೆಯ ಗೋಪುರ ನನಗೆ ಎಂದೂ ಕಾಣುತ್ತಿರಲಿಲ್ಲ. ರಾತ್ರಿ ಊಟ ಮಾಡಿ ಅರ್ಧ ತಾಸು ಕೆರೆ ದಂಡೆಯ ಮೇಲೆ ನಡೆದರೆ ಗೋಪುರ ಗುಡ್ಡವಾಗುತ್ತದೆ ಎಂಬುದನ್ನು ಡಾಕ್ಟರು ಹತ್ತು ಸಲ ಹೇಳಿದ್ದರು. ಗೆರೆ ಕಣ್ಣಿಗೆ ಬಿದ್ದ ಮೇಲೆ ನಡೆಯತೊಡಗಿದೆ.

ಅದಕ್ಕೇ ಒಂದೊಂದು ಅಂಕಿಯ ಹಿಂದೆ ಓಡಬೇಡಿ. ಹದಿನಾಲ್ಕು ದಿನದಲ್ಲಿ ಎಷ್ಟು ಹೊತ್ತು 70 ಮತ್ತು 180ರ ನಡುವೆ ಇತ್ತು ಎಂಬುದನ್ನು ಡಾಕ್ಟರು ನೋಡುತ್ತಾರೆ. ಸಾಮಾನ್ಯವಾಗಿ ಶೇ 70ಕ್ಕಿಂತ ಹೆಚ್ಚು ಹೊತ್ತು ಒಳಗಿರಲಿ ಎಂಬುದು ಗುರಿ. ವಯಸ್ಸಾದವರಿಗೆ, ಬೇರೆ ಕಾಯಿಲೆಯೂ ಇದ್ದವರಿಗೆ ಶೇ 50 ದಾಟಿದರೂ ಸಾಕು, ಆದರೆ 70ಕ್ಕಿಂತ ಕೆಳಗೆ ಹೋಗುವ ಹೊತ್ತು ಶೇ 1ರೊಳಗೇ ಇರಬೇಕು ಎನ್ನುತ್ತಾರೆ. ನಿಮ್ಮ ತಂದೆ ಯಾವ ಗುಂಪಿಗೆ ಎಂಬುದನ್ನು ಅವರ ಡಾಕ್ಟರು ಹೇಳಲಿ. ಒಂದು ಸೆನ್ಸರಿಗೆ ನಾಲ್ಕೈದು ಸಾವಿರ ರೂಪಾಯಿ ಬೀಳುತ್ತದೆ, ತಿಂಗಳಿಗೆರಡು ಹಚ್ಚುವುದು ಮಗ್ಗದ ಮನೆಗೆ ಭಾರ. ದಿನಕ್ಕೆ ಮೂರ್ನಾಲ್ಕು ಸಲ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬಿಡದೆ ಹಚ್ಚಿದರೆ ಲಾಭವಿದೆ. ನಿಮ್ಮ ತಂದೆಯಂಥವರಿಗೆ ಔಷಧ ಬದಲಾದಾಗ, ವರ್ಷಕ್ಕೆ ಒಂದೆರಡು ಸಲ ಹಚ್ಚಿ ಪೂರ್ತಿ ಹದಿನಾಲ್ಕು ದಿನ ಬಿಟ್ಟರೆ ಸಾಕೆಂಬುದು ನನ್ನ ಅಭಿಪ್ರಾಯ. ಅಂದಹಾಗೆ ಆ್ಯಪ್‌ನಲ್ಲಿ ಗೆರೆಯನ್ನು ಮನೆಯವರೆಲ್ಲ ನೋಡುವ ಸೌಲಭ್ಯ ಇರುತ್ತದೆ. ‘ಯಾಕ ಹೋಳಿಗಿ ತಿಂದಿ?’ ಎಂದು ಬೆಂಗಳೂರಿನಿಂದ ಫೋನ್ ಬರತೊಡಗಿದರೆ ಎರಡನೇ ಬಿಲ್ಲಿಯೂ ಗಟಾರ ಸೇರುವುದು ಖಂಡಿತ. ಆ ಬಟನ್ ಒತ್ತುವ ಮುನ್ನ ಅಪ್ಪನನ್ನು ಕೇಳಿ.

ಈಗ ವಾಚ್. ಅದರ ಶುಗರ್ ಅಂಕಿಯನ್ನು ನಂಬಬೇಡಿ, ಅದರಲ್ಲಿ ಎರಡು ಮಾತಿಲ್ಲ. ಚರ್ಮ ಚುಚ್ಚದೆ ತಾನಾಗಿಯೇ ರಕ್ತದ ಗ್ಲೂಕೋಸ್ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ, ಅಂಥವನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ಹಾಗೆ ಅಳೆಯುವುದು ಯಾಕೆ ಕಷ್ಟ ಅಂದರೆ, ಹಿಮೋಗ್ಲೋಬಿನ್‌ಗೆ ಕೆಂಪು ಬಣ್ಣವಿದೆ, ಬೆಳಕಿಗೆ ಸಿಗುತ್ತದೆ. ಗ್ಲೂಕೋಸಿಗೆ ಬಣ್ಣವೇ ಇಲ್ಲ. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಅದರ ಗುರುತು ಸ್ವಲ್ಪ ಸಿಗುತ್ತದಾದರೂ ಮೈತುಂಬ ಇರುವ ನೀರಿನ ಗುರುತು ಅದನ್ನು ಮುಳುಗಿಸಿಬಿಡುತ್ತದೆ. ಜಾತ್ರೆಯ ಗದ್ದಲದಲ್ಲಿ ಒಬ್ಬರ ಪಿಸುಮಾತು ಕೇಳಿಸಿಕೊಂಡ ಹಾಗೆ. ದೊಡ್ಡ ದೊಡ್ಡ ಪ್ರಯೋಗಾಲಯಗಳು ದಶಕಗಳಿಂದ ಇದರ ಹಿಂದೆ ಬಿದ್ದಿವೆ.

ಹೀಗೆ ಹೇಳಿದರೆ ನನ್ನ ವಿದ್ಯಾರ್ಥಿಗಳೂ ನಂಬುತ್ತಿರಲಿಲ್ಲ. ಅಂಥದೇ ಒಂದು ವಾಚನ್ನು, ಹೆಸರು ಬೇಡ, ದುರ್ಗದಬೈಲ್ ಕಡೆಯಿಂದ ತಂದ ಸವತಿಕಾಯಿಗೆ ಕಟ್ಟಿ ಮೇಜಿನ ಮೇಲೆ ಇಟ್ಟೆ. ಹಸಿರು ದೀಪ ಮಿಣಮಿಣ ಎಂದಿತು. ನಿಮಿಷದೊಳಗೆ ನಾಡಿ 74, ಬಿಪಿ 118/76, ಶುಗರ್ 5.6 ಬಂತು. 5.6 ಎಂಬುದು ಹೊರದೇಶದ ಅಳತೆ, ಹದಿನೆಂಟರಿಂದ ಗುಣಿಸಿದರೆ ನಮ್ಮ ಲೆಕ್ಕಕ್ಕೆ ಸುಮಾರು 101. ಬಹಳ ಆರೋಗ್ಯವಂತ ಸವತಿಕಾಯಿ. ಮಧ್ಯಾಹ್ನ ಅದನ್ನು ಹೆಚ್ಚಿ ಉಪ್ಪು-ಖಾರ ಹಾಕಿ ತಿಂದೆವು. ನಿಮ್ಮ ಅಣ್ಣನಿಗೆ ಬೇಜಾರಾಗದ ಹಾಗೆ ಹೇಳಬೇಕೆಂದರೆ ಇದೇ ಪ್ರಯೋಗವನ್ನು ನಿಮ್ಮ ಅಡುಗೆಮನೆಯಲ್ಲಿ ಮಾಡಿ ವಿಡಿಯೊ ಕಳಿಸಿ.

ಆದರೆ ವಾಚುಗಳೆಲ್ಲ ಆಟಿಕೆ ಎಂದಲ್ಲ. ಹಸಿರು ಬೆಳಕನ್ನು ಚರ್ಮಕ್ಕೆ ಬಿಟ್ಟು, ಪ್ರತಿ ಬಡಿತಕ್ಕೆ ರಕ್ತ ಉಬ್ಬಿ ತಗ್ಗುವುದನ್ನು ಎಣಿಸಿ ನಾಡಿ ಹೇಳುವುದನ್ನು ಒಳ್ಳೆಯ ವಾಚುಗಳು ಚೆನ್ನಾಗಿಯೇ ಮಾಡುತ್ತವೆ. 2018ರಿಂದ ಕೆಲವು ವಾಚುಗಳಲ್ಲಿ ಇನ್ನೊಂದು ಕೈಯ ಬೆರಳಿಟ್ಟು ಇಸಿಜಿಯ ಒಂದು ಗೆರೆ ತೆಗೆಯುವ, ನಿಯಂತ್ರಣ ಸಂಸ್ಥೆಗಳು ಒಪ್ಪಿದ ಸೌಲಭ್ಯ ಬಂದಿದೆ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ತಾಳ ತಪ್ಪಿದ ಬಡಿತವನ್ನು ಅದು ಪತ್ತೆ ಮಾಡಬಲ್ಲದು. ನಾರ್ಮನ್ ಹೋಲ್ಟರ್ ಎಂಬ ವಿಜ್ಞಾನಿ ಓಡಾಡುವ ಮನುಷ್ಯನ ಇಸಿಜಿ ಹಿಡಿಯಲು ಮೊದಲು ಮಾಡಿದ ಯಂತ್ರವನ್ನು ಬೆನ್ನಿಗೆ ಹೊರಬೇಕಿತ್ತು, ತೂಕ 38 ಕಿಲೊ. ಅದು ಮಣಿಕಟ್ಟಿಗೆ ಇಳಿದದ್ದು ಸಣ್ಣ ಸಂಗತಿಯಲ್ಲ. ಆದರೆ ಆಸ್ಪತ್ರೆಯಲ್ಲಿ ಹೃದಯವನ್ನು ಹನ್ನೆರಡು ಕೋನದಿಂದ ನೋಡುತ್ತಾರೆ, ವಾಚ್ ನೋಡುವುದು ಒಂದೇ ಕಿಟಕಿಯಿಂದ. ಹಾರ್ಟ್ ಅಟ್ಯಾಕ್ ಅದಕ್ಕೆ ಗೊತ್ತಾಗುವುದಿಲ್ಲ. ಎದೆ ಹಿಡಿದಂತಾದಾಗ ‘ವಾಚ್‌ನ್ಯಾಗ ನಾರ್ಮಲ್ ಐತಿ’ ಎಂದು ಕೂತವರನ್ನು ನಾನು ಕಂಡಿದ್ದೇನೆ, ದಯವಿಟ್ಟು ಹಾಗೆ ಕೂಡಬೇಡಿ. ಬಿಪಿ ಅಂಕಿಯೂ ಅಷ್ಟೆ, ತೋಳಿಗೆ ಪಟ್ಟಿ ಕಟ್ಟುವ ಯಂತ್ರದ ಜೊತೆ ಆಗಾಗ ಹೊಂದಿಸದ ವಾಚಿನ ಬಿಪಿಗೆ ಬೆಲೆಯಿಲ್ಲ.

‘ಮೈಯೊಳಗೇ ಇಟ್ಟುಬಿಡುವ ಸೆನ್ಸರ್ ಇಲ್ಲವೇ?’ ಎಂದು ಮುಂದಿನ ಪ್ರಶ್ನೆ ಬರುವುದು ಗೊತ್ತು. ಇದೆ. ತೋಳಿನ ಚರ್ಮದಡಿ ಇಡುವ, ಕಿಣ್ವದ ಬದಲು ಹೊಳೆಯುವ ರಾಸಾಯನಿಕದಿಂದ ಗ್ಲೂಕೋಸ್ ಅಳೆಯುವ ಸಣ್ಣ ಕಡ್ಡಿಯೊಂದಕ್ಕೆ ಅಮೆರಿಕದಲ್ಲಿ 2018ರಲ್ಲಿ 90 ದಿನದ ಬಳಕೆಗೆ ಒಪ್ಪಿಗೆ ಸಿಕ್ಕಿತು, 2024ರಲ್ಲಿ ಅದು ಒಂದು ವರ್ಷಕ್ಕೆ ಏರಿತು. ತಡ ಆಗುತ್ತಿರುವುದು ಎಲೆಕ್ಟ್ರಾನಿಕ್ಸ್‌ನಿಂದಲ್ಲ, ಮೈಯಿಂದ. ಹೊರಗಿನ ವಸ್ತು ಒಳಬಂದರೆ ಮೈ ಅದರ ಸುತ್ತ ನಾರಿನ ಗೋಡೆ ಕಟ್ಟುತ್ತದೆ. ಗೋಡೆ ದಪ್ಪವಾದಷ್ಟೂ ಗ್ಲೂಕೋಸ್ ಸೆನ್ಸರಿಗೆ ಮುಟ್ಟುವುದು ತಡವಾಗುತ್ತದೆ. ಈ ಕ್ಷೇತ್ರದ ಸಂಶೋಧನೆಯ ಬಹುಪಾಲು ಇಂದು ಈ ಗೋಡೆಯ ಜೊತೆಗಿನ ಗುದ್ದಾಟವೇ. ಚಿಪ್ ಮಾಡುವ ಸಿಲಿಕಾನ್ ಕಲ್ಲಿನ ಹಾಗೆ ಗಟ್ಟಿ, ಮಾಂಸ ಬೆಣ್ಣೆಯ ಹಾಗೆ ಮೆತ್ತಗೆ. ಉಸಿರಾಡಿದಾಗ, ಕೈ ಎತ್ತಿದಾಗ ಎರಡೂ ಒಟ್ಟಿಗೆ ಬಾಗದೆ ತಿಕ್ಕಾಡುತ್ತವೆ. ಅದಕ್ಕೆ ಚರ್ಮದಂತೆ ಹಿಗ್ಗುವ ಸರ್ಕ್ಯೂಟ್‌ಗಳು, ವಿದ್ಯುತ್ ಹರಿಸುವ ಪ್ಲಾಸ್ಟಿಕ್‌ಗಳ ಕಡೆ ವಿಜ್ಞಾನಿಗಳು ಹೊರಳಿದ್ದಾರೆ. ವಿದ್ಯುತ್ ಹರಿಸುವ ಪ್ಲಾಸ್ಟಿಕ್ ಕಂಡುಹಿಡಿದವರಿಗೆ 2000ದಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಇದರಿಂದ ನಿಮ್ಮ ತಂದೆಗೆ ಸದ್ಯಕ್ಕೆ ಲಾಭವಿಲ್ಲ, ಆದ್ದರಿಂದ ಇಲ್ಲಿಗೇ ಬಿಡುತ್ತೇನೆ.

ಅವ್ವನ ಪೇಸ್‌ಮೇಕರಿಗೆ ಬರೋಣ. ಈ ಗೋಡೆಯ ತಕರಾರು ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಅದಕ್ಕೆ ಬೇಕಾದದ್ದು ರಾಸಾಯನಿಕವಲ್ಲ, ವಿದ್ಯುತ್ತಿನ ಒಂದು ಮಿಡಿತ, ಅದು ತೆಳು ನಾರನ್ನು ದಾಟುತ್ತದೆ. ಜಗತ್ತಿನ ಮೊದಲ ಒಳಗಿಡುವ ಪೇಸ್‌ಮೇಕರ್ 1958ರ ಅಕ್ಟೋಬರ್ 8ರಂದು ಸ್ವೀಡನ್ನಿನಲ್ಲಿ ಆರ್ನೆ ಲಾರ್ಸನ್ ಎಂಬವರಿಗೆ ಹಾಕಿದ್ದು, ಹೆಂಡತಿ ವೈದ್ಯರ ಬೆನ್ನು ಬಿಡದೆ ಒತ್ತಾಯಿಸಿದ್ದರಿಂದ. ಎಂಜಿನಿಯರ್ ರೂನ್ ಎಲ್ಮ್‌ಕ್ವಿಸ್ಟ್ ಅದನ್ನು ಎರಕ ಹೊಯ್ದದ್ದು ಬೂಟ್ ಪಾಲಿಶ್ ಡಬ್ಬಿಯಲ್ಲಿ. ಕೆಲವೇ ತಾಸಿಗೆ ಕೆಟ್ಟಿತು. ಲಾರ್ಸನ್ ಮುಂದೆ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಿಸಿಕೊಂಡು, ಆ ಎಂಜಿನಿಯರು, ಕೂಡಿಸಿದ ಸರ್ಜನ್ ಇಬ್ಬರೂ ತೀರಿಕೊಂಡ ಮೇಲೂ ಬದುಕಿದ್ದು, 2001ರಲ್ಲಿ ತಮ್ಮ 86ನೇ ವಯಸ್ಸಿನಲ್ಲಿ ಹೋದರು.

ಈಗಿನ ಪೇಸ್‌ಮೇಕರ್ ಸುಮ್ಮನೆ ಬಡಿಯುತ್ತಲೇ ಇರುವುದಿಲ್ಲ. ಮೊದಲು ಕಿವಿಗೊಡುತ್ತದೆ. ಹೃದಯ ತಾನೇ ಬಡಿದರೆ ಸುಮ್ಮನಿರುತ್ತದೆ, ಹೊತ್ತು ಮೀರಿದರೆ ಮಾತ್ರ ತಟ್ಟುತ್ತದೆ. ಹೊರಗಿನ ವಿದ್ಯುತ್ ಗದ್ದಲವನ್ನು ಹೃದಯದ ಬಡಿತವೆಂದು ತಪ್ಪಾಗಿ ಕೇಳಿಸಿಕೊಂಡರೆ ತಟ್ಟಬೇಕಾದಾಗ ಸುಮ್ಮನಿದ್ದೀತು, ಭಯ ಇರುವುದು ಅಷ್ಟಕ್ಕೆ. ಬಲವಾದ ಅಯಸ್ಕಾಂತ ಅದರ ಮೇಲೆಯೇ ಬಂದರೆ ಕೇಳುವುದನ್ನು ಬಿಟ್ಟು ಒಂದೇ ಸಮ ತಟ್ಟತೊಡಗುತ್ತದೆ, ಅಯಸ್ಕಾಂತ ದೂರವಾದರೆ ಮತ್ತೆ ಮೊದಲಿನಂತೆ. ಎಲ್ಲದಕ್ಕೂ ಔಷಧ ಒಂದೇ, ದೂರ.

ಗಿರಣಿಗೆ ಹೋಗಲಿ. ಜೋಳ ತೂಗಿ ಕೊಟ್ಟು, ಹಿಟ್ಟು ಆಗುವತನಕ ಕಟ್ಟೆಯ ಮೇಲೆ ಕೂತಿರಲಿ, ಓಡುತ್ತಿರುವ ಮೋಟರಿನ ಮೇಲೆ ಬಾಗಿ ಹಿಟ್ಟು ಬಾಚುವುದು ಮಾತ್ರ ಬೇಡ. ಮನೆಯಲ್ಲಿ ಇಂಡಕ್ಷನ್ ಒಲೆ ಇದ್ದರೆ ಎದೆಗೂ ಒಲೆಗೂ ಎರಡು ಅಡಿ ಇರಲಿ, ಮಿಕ್ಸರ್, ಟಿವಿ, ಗ್ಯಾಸ್ ಒಲೆಗೆ ಚಿಂತೆಯಿಲ್ಲ. ಮೊಬೈಲನ್ನು ಕುಪ್ಪಸದೊಳಗೆ ಇಟ್ಟುಕೊಳ್ಳುವ ರೂಢಿ ನಮ್ಮ ಹೆಣ್ಣುಮಕ್ಕಳಲ್ಲಿ ಬಹಳ, ಅದನ್ನು ಬಿಡಿಸಿ. ಪೇಸ್‌ಮೇಕರಿನಿಂದ ಆರು ಇಂಚು ದೂರ, ಆಚೆ ಕಿವಿಗೆ ಹಿಡಿದು ಮಾತಾಡಲಿ. ಗಣಪತಿ ಮೆರವಣಿಗೆಯ ಡಿಜೆ ಸ್ಪೀಕರ್ ಒಳಗೆ ದೊಡ್ಡ ಅಯಸ್ಕಾಂತಗಳಿರುತ್ತವೆ, ಅದಕ್ಕೆ ಒರಗಿ ನಿಲ್ಲಬಾರದು. ವೆಲ್ಡಿಂಗ್ ನಡೆದಲ್ಲಿ ದೂರ ಸರಿದು ಹೋಗಲಿ.

ವಾಚನ್ನು ನಾಡಿ ನೋಡಲು, ಹೆಜ್ಜೆ ಎಣಿಸಲು ಕಟ್ಟಿಕೊಳ್ಳಬಹುದು. ಆದರೆ ಚಾರ್ಜ್ ಮಾಡುವ ಅಯಸ್ಕಾಂತದ ಬಿಲ್ಲೆಯನ್ನು ಎದೆಯ ಹತ್ತಿರ ತರಬಾರದು. ಅದರಲ್ಲಿ ಮೈಯ ಕೊಬ್ಬು ಅಳೆಯುವ ಆಯ್ಕೆ ಇದ್ದರೆ ಅದನ್ನು ಮುಟ್ಟಲೇಬಾರದು. ಆಗ ವಾಚ್ ಮೈಯೊಳಗೆ ಸಣ್ಣ ಕರೆಂಟ್ ಹರಿಸುತ್ತದೆ, ಕೆಲವು ಹೃದಯ ಸಾಧನಗಳಿಗೆ ಅದು ಅಡ್ಡಿ ಮಾಡಬಹುದೆಂದು 2023ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಎಚ್ಚರಿಸಿದ್ದಾರೆ. ಕೊಬ್ಬು ತೋರಿಸುವ ತಕ್ಕಡಿಗೂ ಇದೇ ಮಾತು. ಪೇಸ್‌ಮೇಕರ್ ಇರುವವರಲ್ಲಿ ವಾಚಿನ ಇಸಿಜಿ ತಪ್ಪು ಓದಬಹುದು, ಅದನ್ನು ನೋಡಿ ಗಾಬರಿಯಾಗುವುದೂ ಬೇಡ, ಸಮಾಧಾನ ಪಡುವುದೂ ಬೇಡ.

ಆಸ್ಪತ್ರೆಯವರು ಕೊಟ್ಟ ಪೇಸ್‌ಮೇಕರ್ ಕಾರ್ಡ್ ಟ್ರಂಕಿನಲ್ಲಿ ಸೀರೆಯ ಕೆಳಗೆ ಇದ್ದರೆ ಇವತ್ತೇ ತೆಗೆದು ಅವ್ವನ ಪರ್ಸಿಗೆ ಹಾಕಿ. ಎಂಆರ್‌ಐ ಮಾಡಿಸಬೇಕಾದರೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದೇ ಬೇಕು. ಹಾಕಿಸಿ ಎರಡು ವರ್ಷ ಎಂದಿದ್ದೀರಿ, ಕೊನೆಯ ಸಲ ಅದನ್ನು ತಪಾಸಣೆ ಮಾಡಿಸಿದ್ದು ಯಾವಾಗ ಎಂದು ಬರೆದಿಲ್ಲ. ಎದೆಯ ಮೇಲೆ ಒಂದು ಯಂತ್ರ ಹಿಡಿದು ಬ್ಯಾಟರಿ ಎಷ್ಟಿದೆ, ತಂತಿ ಸರಿಯಿದೆಯೇ, ಹೃದಯ ಎಷ್ಟು ಸಲ ತಾನೇ ಬಡಿಯಿತು ಎಂಬುದನ್ನೆಲ್ಲ ಓದುತ್ತಾರೆ, ನೋವಿಲ್ಲ. ವರ್ಷಕ್ಕೊಮ್ಮೆಯಾದರೂ ಆಗಬೇಕು. ಅವ್ವನನ್ನು ಅದಕ್ಕೆ ಕರೆದೊಯ್ಯುವ ದಿನವೇ ಅಪ್ಪನನ್ನೂ ಅವರ ಡಾಕ್ಟರ ಹತ್ತಿರ ಕರೆದೊಯ್ದು, ಹೊಸ ಸೆನ್ಸರ್ ಹಚ್ಚಿಸುವುದಾದರೆ, ಅವರು ಎಡಮಗ್ಗುಲಾಗಿ ಮಲಗುವವರಾದರೆ, ಬಲತೋಳಿಗೆ ಹಚ್ಚಲು ಹೇಳಿ. ಲಾಳಿ ಎಳೆಯುವ ಕೈ ಅದು, ತೋಳಿನ ಹಿಂಬದಿಗೆ ಹಚ್ಚಿದರೆ ಮಗ್ಗಕ್ಕೆ ತಾಗುವುದಿಲ್ಲ.